ಎಲ್ಲರ ಬಾಯಿಗೂ ಒಂದೇ ಗಂಟಲು

ಆ ದಿನದ ಅನಾಹುತಕ್ಕೆಲ್ಲ ಮೂಲವಾದದ್ದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಗುಂಡಿ. ಅದು ಇದ್ದದ್ದು ಕ್ಯಾಮೆರಾದ ಪಕ್ಕೆಯಲ್ಲಿ. ಒತ್ತಿದ್ದು ಕ್ಷೌರದಂಗಡಿಯವನ ಹೆಬ್ಬೆರಳು. ಫಲ ಉಣ್ಣಬೇಕಾಗಿ ಬಂದದ್ದು ಇಂಗ್ಲಿಷ್ ಮೇಷ್ಟ್ರಿಗೆ.

ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ದುಡಿಯುವ ಜನರಿಗೆ ಇಂಗ್ಲಿಷ್ ಕಲಿಸುತ್ತಿದ್ದ ಈ ಮೇಷ್ಟ್ರಿಗೆ ಶಿಕ್ಷಣ ಕಚೇರಿಯ ಅಧಿಕಾರಿಣಿ ಖಂಡತುಂಡವಾಗಿ ಹೇಳಿದ್ದರು: "ನಾನು ಬಂದಾಗ ನಿಮ್ಮ ಶಿಷ್ಯರು ಇಂಗ್ಲಿಷ್ ಮಾತಾಡ್ಬೇಕು. ಇಲ್ಲಾಂದ್ರೆ ಈ ಕುರ್ಚಿಗೆ ಬೇರೆ ಮೇಷ್ಟ್ರು ಬರ್ತಾರೆ."

ಶಿಷ್ಯರೋ, ಪುಸ್ತಕ ತೆರೆದರೆ ಆಕಳಿಸುವವರು. ಆದ್ದರಿಂದ ಮೇಷ್ಟ್ರು ಹೊಸ ಉಪಾಯ ಹೂಡಿದರು. ಶಿಷ್ಯರೇ ಕತೆ ಕಟ್ಟಿ, ಶಿಷ್ಯರೇ ನಟಿಸಿ, ಇಂಗ್ಲಿಷಿನಲ್ಲೇ ಮಾತಾಡಿ ಒಂದು ಪುಟ್ಟ ಚಿತ್ರ ತೆಗೆಯಬೇಕು. ಅಧಿಕಾರಿಣಿ ಬಂದಾಗ ಅದನ್ನೇ ತೋರಿಸಬೇಕು.

ಅಧಿಕಾರಿಣಿ ಬರುವ ದಿನವೇ ಬೆಳಿಗ್ಗೆ, ಶಿಷ್ಯೆಯಾದ ಹೊಲಿಗೆ ಅಕ್ಕನ ಅಂಗಡಿಯಲ್ಲಿ ಚಿತ್ರೀಕರಣ. ಅಂಗಡಿಯ ಒಡತಿಯಾಗಿ ಅಕ್ಕ, ಪ್ಯಾಂಟು ಗಿಡ್ಡವಾಯಿತೆಂದು ಜಗಳಕ್ಕೆ ಬರುವವನಾಗಿ ಬಸ್ ಡ್ರೈವರ್, ಕ್ಯಾಮೆರಾ ಹಿಡಿದವನು ಕ್ಷೌರದಂಗಡಿಯವನು. ಮೇಷ್ಟ್ರನ್ನು ಮಾತ್ರ ಹೊರಗೆ ನಿಲ್ಲಿಸಿದರು.

"ನೀವು ಎದುರಿಗಿದ್ರೆ ನಾಲಿಗೆ ಮೇಲಕ್ಕೆ ಅಂಟ್ಕೊಳ್ಳುತ್ತೆ ಸಾರ್," ಎಂದ ಡ್ರೈವರ್.

ಒಳಗೆ ಏನು ನಡೆದಿದೆಯೋ! ನಿಜಕ್ಕೂ ಇಂಗ್ಲಿಷ್ ಆಡುತ್ತಿದ್ದಾರೆಯೇ? ಮೇಷ್ಟ್ರು ಮುಚ್ಚಿದ ಹಾಲಿನ ಪಾತ್ರೆಯನ್ನು ಸುತ್ತುವ ಬೆಕ್ಕಿನಂತೆ ಬಾಗಿಲಿನ ಮುಂದೆ ಸುಳಿದಾಡಿದರು. ಕೊನೆಗೆ, ಎರಡನೆಯ ಗಿರಾಕಿಯಾಗಬೇಕಿದ್ದವನು ಕೈಕೊಟ್ಟದ್ದರಿಂದ, ಅವರನ್ನೇ ಒಳಗೆಳೆದು ಒಂದೇ ಒಂದು ಮಾತು ಆಡಿಸಿ ಮತ್ತೆ ಹೊರಗಟ್ಟಿದರು.

ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಚಿತ್ರ ಹಾಕಿ ನೋಡಿದರೆ ತುಟಿಗಳು ಅಲುಗುತ್ತಿವೆ, ಕೈಗಳು ಕುಣಿಯುತ್ತಿವೆ, ಸದ್ದು ಮಾತ್ರ ಇಲ್ಲ!

ಕ್ಷೌರದಂಗಡಿಯವನು ತಲೆ ಕೆರೆದುಕೊಂಡ. "ಗಿರಾಕಿ ಕುರ್ಚೀಲಿ ಕೂತ ಕೂಡ್ಲೇ ಟೀವಿ ಸದ್ದು ಅಡಗಿಸ್ತೀನಿ ಸಾರ್. ಇಲ್ಲಾಂದ್ರೆ ಊರ ಸುದ್ದಿ ಕೇಳಿಸಲ್ಲ. ಅಕ್ಕ ಬಾಯಿ ತೆಗೆದ್ಲು ನೋಡಿ, ಕೈ ತಾನಾಗೇ ಗುಂಡಿ ಒತ್ತಿಬಿಡ್ತು."

ಡ್ರೈವರ್ ಆಗಲೇ ಬಸ್ಸು ಹತ್ತಿದ್ದ. ಅಕ್ಕ ಸಂಜೆಯೊಳಗೆ ಕೊಡಬೇಕಾದ ಬಟ್ಟೆಗಳ ರಾಶಿಯಲ್ಲಿ ಮುಳುಗಿದ್ದಳು. ಬೇರೆ ದಾರಿ ಕಾಣದೆ ಮೇಷ್ಟ್ರು ತಾವೇ ಎಲ್ಲರಿಗೂ ದನಿ ಕೊಡಲು ಕುಳಿತರು. ಅಕ್ಕನೂ ಡ್ರೈವರೂ ಏನು ಮಾತಾಡಿದ್ದರೋ ದೇವರೇ ಬಲ್ಲ. ತುಟಿ ಅಲುಗಿದಷ್ಟು ಹೊತ್ತಿಗೆ ಅಳೆದು ಅಚ್ಚುಕಟ್ಟಾದ ಇಂಗ್ಲಿಷ್ ತುಂಬಿದರು. ಡ್ರೈವರಿಗೆ ಗುಡುಗಿನ ದನಿ, ಅಕ್ಕನಿಗೆ ಕೊಳಲಿನ ದನಿ. ಗುಡುಗಿನಿಂದ ಕೊಳಲಿಗೆ, ಕೊಳಲಿನಿಂದ ಗುಡುಗಿಗೆ ಹಾರಿ ಹಾರಿ, ಪರದೆಯ ಮೇಲೆ ತಮ್ಮದೇ ಮುಖ ಮೂಡುವ ಹೊತ್ತಿಗೆ ಮೇಷ್ಟ್ರ ಗಂಟಲು ಸಂಪೂರ್ಣ ಮುಷ್ಕರ ಹೂಡಿತು. ಬಾಯಿ ತೆರೆದರೆ ಬರೀ ಗಾಳಿ.

"ಹೆದರಬೇಡಿ ಸಾರ್! ನೀವು ಎಲ್ಲರಿಗೂ ದನಿ ಕೊಟ್ರಿ. ನಿಮಗೆ ನಾನು ಕೊಡ್ತೀನಿ," ಎಂದು ಕ್ಷೌರದಂಗಡಿಯವನು, ಮೇಷ್ಟ್ರು ಕೈ ಬೀಸಿ ತಡೆಯುವ ಮೊದಲೇ, ಮೈಕಿಗೆ ಬಾಯಿ ಹಚ್ಚಿ ಕೂಗಿಯೇಬಿಟ್ಟ: "ಐ ಪ್ಯಾಂಟ್! ಪ್ಯಾಂಟ್ ನೋ ಮಿ! ವೈ ಪ್ಯಾಂಟ್?"

ಅದನ್ನು ಅಳಿಸಬೇಕೆನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಅಧಿಕಾರಿಣಿಯ ಚಪ್ಪಲಿ ಸದ್ದು ಕೇಳಿಸಿತು. ಅವರ ಹಿಂದೆಯೇ, ಕೆಲಸ ಮುಗಿಸಿದ ಅಕ್ಕನೂ ಡ್ರೈವರೂ ಏದುಸಿರು ಬಿಡುತ್ತ ಬಂದು ಕುಳಿತರು.

ಚಿತ್ರ ಓಡಿತು. ತಮ್ಮ ಬಾಯಿಂದ ಹರಿಯುತ್ತಿದ್ದ ಇಂಗ್ಲಿಷ್ ಕೇಳಿ ಇಬ್ಬರೂ ದಂಗಾದರು.

"ನಾನು ಇಷ್ಟೆಲ್ಲಾ ಅಂದಿದ್ನಾ?" ಎಂದು ಡ್ರೈವರ್ ಪಿಸುಗುಟ್ಟಿದ.

"ಸುಮ್ನಿರೋ, ಅಂದಿರಬೇಕು," ಎಂದಳು ಅಕ್ಕ.

ಅಧಿಕಾರಿಣಿ ಹುಬ್ಬೇರಿಸಿದರು. "ಅಬ್ಬಾ, ಎಂಥ ಇಂಗ್ಲಿಷು! ಅಕ್ಕನಿಗೆ ಸ್ವಲ್ಪ ನೆಗಡಿ ಆಗಿತ್ತೇನೋ, ಇರಲಿ." ಅಷ್ಟರಲ್ಲಿ ಪರದೆಯ ಮೇಲೆ ಮೇಷ್ಟ್ರು ಬಂದರು, ಬಾಯಿ ತೆರೆದರು, "ವೈ ಪ್ಯಾಂಟ್?" ಎಂದರು.

ಅಧಿಕಾರಿಣಿ ಕುರ್ಚಿಯನ್ನು ಮೇಷ್ಟ್ರತ್ತ ತಿರುಗಿಸಿದರು.

"ಏನ್ರೀ ಮೇಷ್ಟ್ರೇ ಇದು?"

ಮೇಷ್ಟ್ರು ಎದ್ದರು. ಗಂಟಲು ತೋರಿಸಿದರು, ಪರದೆ ತೋರಿಸಿದರು, ಕ್ಷೌರದಂಗಡಿಯವನತ್ತ ಬೆರಳು ಮಾಡಿದರು. ಬಂದದ್ದು ಗಾಳಿ. ಕ್ಷೌರದಂಗಡಿಯವನು ಛಾವಣಿಯ ಸೊಬಗು ನೋಡತೊಡಗಿದ.

"ಸಾಕು. ನನ್ನೆದುರಿಗೆ ಇಂಗ್ಲಿಷ್ ಆಡೋಕೆ ನಾಚಿಕೆ, ಅಲ್ವಾ? ಅರ್ಥ ಆಯ್ತು ಬಿಡಿ," ಎಂದ ಅಧಿಕಾರಿಣಿ ಹೊಲಿಗೆ ಅಕ್ಕನತ್ತ ತಿರುಗಿ ಇಂಗ್ಲಿಷಿನಲ್ಲಿ ಉದ್ದನೆಯದೊಂದು ಪ್ರಶ್ನೆ ಕೇಳಿದರು. ಒಂದು ಅಕ್ಷರವೂ ತಲೆಗೆ ಹೋಗದ ಅಕ್ಕ, ದೊಡ್ಡವರ ಮಾತಿಗೆ ಎದುರಾಡಬಾರದೆಂದು, ವಿನಯದಿಂದ ಕೈಮುಗಿದಳು:

"ಯೆಸ್, ಮೇಡಂ!"

"ಸಂತೋಷ! ಹಾಗಾದ್ರೆ ನಾಳೆಯಿಂದ ಈ ತರಗತಿ ನಿಮ್ಮದು. ಮೇಷ್ಟ್ರೇ, ನೀವು ಮುಂದಿನ ಬೆಂಚಲ್ಲಿ ಕೂತು ಶ್ರದ್ಧೆಯಿಂದ ಕಲೀರಿ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಅಕ್ಕ ಬಿಳಿಚಿದ ಮುಖ ಹೊತ್ತು ಮೇಷ್ಟ್ರ ಬಳಿ ಬಂದಳು.

"ಸಾರ್, ಮೇಡಂ ಅದೇನು ಕೇಳಿದ್ರೋ ಏನೋ. ನಾಳೆ ಒಂದು ಗಂಟೆ ಮುಂಚೆ ಬಂದು ನಂಗೆ ಪಾಠ ಹೇಳ್ಕೊಟ್ಟುಬಿಡಿ. ಆಮೇಲೆ ಅದನ್ನೇ ನಾನು ನಿಮಗೆ ಕಲಿಸ್ತೀನಿ."