ಹಸಿರು ಗೆರೆಯ ದವಾಖಾನೆ

ರೋಗಿಗೆ ಈ ಲೋಕದಲ್ಲಿ ಉಳಿದಿರುವ ಸುಖ ಒಂದೇ. ದವಾಖಾನೆಯ ಬೆಂಚಿನ ಮೇಲೆ ಕೂತು, ಯಾರ ರೋಗ ದೊಡ್ಡದು ಎಂದು ಪಕ್ಕದವರ ಜೊತೆ ಮಾತಾಡುವುದು. ಅದನ್ನೂ ಕಿತ್ತುಕೊಂಡರೆ ಸಿಟ್ಟು ಬಾರದೆ ಇರುತ್ತದೆಯೇ? ಅಫಜಲಪುರದಲ್ಲಿ ನಾನು ತೋರಿಸುವ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರು, ನನ್ನ ಶಿಷ್ಯರ ವಯಸ್ಸಿನವರು, ಅರ್ಧದಷ್ಟು ಬೆಂಚುಗಳನ್ನು ತೆಗೆಸಿ, ನೆಲದ ಸುತ್ತ ಹಸಿರು ಗೆರೆ ಬಳಿಸಿ, ಬೋರ್ಡು ಬರೆಸಿದರು: 'ಕೂತು ಕಾಯಬೇಡಿ, ನಡೆಯುತ್ತಾ ಕಾಯಿರಿ.' ನಡೆಯುವ ಶಕ್ತಿ ಇದ್ದಿದ್ದರೆ ನಾನೇಕೆ ಅಲ್ಲಿಗೆ ಹೋಗುತ್ತಿದ್ದೆ? ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಹುಡುಗರನ್ನು ನಿಲ್ಲಿಸಿ ಕೂತು ರೂಢಿ.

ಬೋರ್ಡು ಬಂದ ಮೇಲೆ ಮೊದಲ ಸಲ ತೋರಿಸಲು ಹೋದ ದಿನ ಮೊದಲೇ ಜೀವ ಪುಕಪುಕ ಅನ್ನುತ್ತಿತ್ತು. ಈ ಸಲ ಶುಗರ್ ಇಳಿಯದಿದ್ದರೆ ಗುಳಿಗೆ ಸಾಕು ಮಾಡಿ ದಿನಾ ಇನ್ಸುಲಿನ್ ಸೂಜಿ ಎಂದು ಡಾಕ್ಟರು ಹಿಂದಿನ ಸಲವೇ ಹೇಳಿದ್ದರು. ಸೂಜಿ ಕಂಡರೆ ನನಗೆ ಕಣ್ಣು ಕತ್ತಲೆ ಬರುತ್ತದೆ. ದಿನಾ ನಡೆಯಿರಿ ಎಂದೂ ಹೇಳಿದ್ದರು, ನಾನು ಹೂಂ ಅಂದಿದ್ದೆ. ಅಂದದ್ದೇ ಬಂತು. ಓಣಿಯ ಅಂಗಡಿಗೂ ನನಗೆ ಸ್ಕೂಟರ್ ಬೇಕು.

ನಮ್ಮ ಕಡೆ ಚಪ್ಪಲಿ ಬಿಟ್ಟು ಪಾಳಿ ಹಿಡಿಯುತ್ತಾರೆ. ಡಾಕ್ಟರ ಬಾಗಿಲ ಮುಂದೆ ಚಪ್ಪಲಿಯ ಸಾಲು, ಚಪ್ಪಲಿಯ ಧಣಿಗಳು ಆರಾಮ ಬೆಂಚಿನ ಮೇಲೆ. ಹಸಿರು ಗೆರೆ ಬಳಿದದ್ದೇ ಚಪ್ಪಲಿ ಬಿಡಲಿಕ್ಕೆ ಎಂದು ತಿಳಿದ ಜನ ಅದರ ಮೇಲೆ ಸಾಲು ಹಚ್ಚಿದ್ದರು. ಒಬ್ಬರು ಒಳಗೆ ಹೋದಂತೆಲ್ಲ ಕಾಂಪೌಂಡರ್ ಖಾಜಾಸಾಬ ಉಳಿದ ಜೋಡುಗಳನ್ನು ಕಾಲಿನಿಂದ ಒಂದೊಂದು ಗೇಣು ಮುಂದೆ ಸರಿಸುತ್ತಿದ್ದ. ಮುಂಜಾನೆಯಿಂದ ಚಪ್ಪಲಿಗಳಷ್ಟೇ ವಾಕಿಂಗ್ ಮಾಡಿದ್ದವು. ನನಗೆ ಮಾತ್ರ ಕೂಡಲು ಜಾಗವಿಲ್ಲ! ತಲೆ ಕೆಟ್ಟುಹೋಯಿತು. ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತ, ಒಬ್ಬೊಬ್ಬರ ಮುಂದೂ ನಿಂತು, ಇದೆಂಥ ದವಾಖಾನೆ, ಇವನೆಂಥ ಡಾಕ್ಟರು ಎಂದು ಬೈದೆ. ಖಾಜಾಸಾಬನನ್ನು ಬೈಯಲು ಎರಡು ಸುತ್ತು, ಬೋರ್ಡನ್ನು ಬೈಯಲು ಮೂರು.

ಪಾಳಿ ಬಂದು ಹೆಂಡತಿ ನೀಲಮ್ಮನ ಜೊತೆ ಒಳಗೆ ಹೋದರೆ ಡಾಕ್ಟರು ಎದ್ದು ಕೈಕುಲುಕಿದರು. ಕಿಟಕಿಯಿಂದ ನೋಡಿದರಂತೆ, ಬೋರ್ಡಿಗೆ ಬೆಲೆ ಕೊಟ್ಟವನು ನಾನೊಬ್ಬನೇ ಅಂತೆ. ಮನೆಯಲ್ಲೂ ಹೀಗೇ ನಡೆಯುತ್ತೀರಾ ಎಂದರು. ದಿನಾ ಎರಡು ಹೊತ್ತು ಅಂದುಬಿಟ್ಟೆ. ಅವರು ರಕ್ತದ ರಿಪೋರ್ಟು ತೆರೆದರು.

"ಇಷ್ಟು ನಡದರೂ ಶುಗರ್ ಏರ್ಯಾದ್ರಿ ಸರ್. ಇನ್ನ ಗುಳಿಗಿಲಿಂದ ಆಗಂಗಿಲ್ಲ. ಸೂಜಿ ಸುರು ಮಾಡೋಣ್ರಿ."

ಸುಳ್ಳು ಒಪ್ಪಿಕೊಂಡರೆ ಮಾನ ಹೋಗುತ್ತದೆ, ಒಪ್ಪದಿದ್ದರೆ ಸೂಜಿ. ಮಾನವೇ ಉಳಿಯಲಿ ಎಂದು ಅಂಗಿಯ ತೋಳು ಏರಿಸತೊಡಗಿದೆ.

"ಇವರು ನಡಿಯಂಗಿಲ್ರಿ ಸಾಹೇಬ್ರ," ಎಂದಳು ನೀಲಮ್ಮ. "ಹೊರಗ ನಿಮಗ ಬೈಕೋತ ತಿರಗಾಡಾಕತ್ತಿದ್ರು. ಸಿಟ್ಟು ಬಂದಾಗಷ್ಟೇ ಇವರ ಕಾಲು ಏಳ್ತಾವ್ರಿ."

ಡಾಕ್ಟರು ಬರೆಯುತ್ತಿದ್ದ ಸೂಜಿಯ ಚೀಟಿ ಹರಿದು, ಹೊಸದು ಬರೆದು ಅವಳ ಕೈಗೆ ಕೊಟ್ಟರು. ಮೂರು ತಿಂಗಳ ಗಡುವು. ದಿನಾ ಅರ್ಧ ತಾಸು ನಡಿಗೆ, ಎಬ್ಬಿಸುವ ಜವಾಬ್ದಾರಿ ಅವಳದು.

ಅಂದಿನಿಂದ ದಿನಾ ಮುಂಜಾನೆ ಆರಕ್ಕೆ ಅವಳು ನನ್ನ ತಲೆದಿಂಬಿನ ಹತ್ತಿರ ಕೂತು ತನ್ನ ತಮ್ಮನನ್ನು ಹೊಗಳಲು ಶುರು ಮಾಡುತ್ತಾಳೆ. ಅವನ ಜಾಣತನ, ಅವನ ಮನೆ, ಅವನು ಹೆಂಡತಿಯನ್ನು ನೋಡಿಕೊಳ್ಳುವ ರೀತಿ. ಕೇಳಲಾರದೆ ಬಿರಬಿರ ಊರ ಹೊರಗೆ ನಡೆಯುತ್ತೇನೆ. ಗಡುವು ಮುಗಿದು ಮೊನ್ನೆ ತೋರಿಸಲು ಹೋದಾಗ ಡಾಕ್ಟರು ಶುಗರ್ ಇಳಿದಿದೆ, ಸೂಜಿ ಬೇಡ ಅಂದರು. ಖುಷಿಪಡಬೇಕು ಅನ್ನುವಷ್ಟರಲ್ಲಿ ಆ ಮೈದುನನ ಉಪಕಾರ ನನ್ನ ಮೇಲೆ ಬಿತ್ತಲ್ಲ ಎಂದು ನೆನಪಾಗಿ, ಮೈಯೆಲ್ಲ ಉರಿದು, ಸ್ಕೂಟರ್ ದವಾಖಾನೆ ಮುಂದೆಯೇ ಬಿಟ್ಟು ಮನೆಗೆ ನಡೆದುಕೊಂಡೇ ಬಂದೆ.