ಮೂಗು ಮುಚ್ಚಿಸಿದ ತೊಟ್ಟಿಲು

ಮರಕ್ಕೆ ವಾರ್ನಿಶ್ ಬಳಿಯುವುದು ಏನು ಮಹಾ ವಿದ್ಯೆ ಎಂದು ನಾನು ಕೇಳಿದ್ದೆ. ಬೀದಿಯಲ್ಲಿ ನಿಂತು, ನಾಲ್ಕು ಜನರ ಮುಂದೆ, ಗಟ್ಟಿಯಾಗಿಯೇ ಕೇಳಿದ್ದೆ. ಏಳು ವರ್ಷದವಳಿದ್ದಾಗಿನಿಂದ ಸಗಣಿ ಕಲಸಿ ನೆಲ ಸಾರಿಸಿದ ಕೈ ಇದು. ನೆಲಕ್ಕೆ ಬಳಿದವಳು ಹಲಗೆಗೆ ಬಳಿಯಲಾರೆನೇ?

ಬಳಿದೆ. ಇಡೀ ಬೀದಿ ಮೂಸಿತು!

ಆಗ ನಾವು ಶಿರಾದಲ್ಲಿದ್ದೆವು. ಯಾವ ಇಸವಿ ಎಂದು ಕೇಳಬೇಡಿ, ಅರವತ್ತರ ಆಸುಪಾಸು. ಬೀದಿಗೆ ಕರೆಂಟು ಬಂದಿತ್ತು, ನಮ್ಮ ಮನೆಯೊಳಗೆ ಬಂದಿರಲಿಲ್ಲ. ನನ್ನ ತಂಗಿ ಗಂಗಿ ಚೊಚ್ಚಲ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಅವ್ವ ಸತ್ತು ಎರಡು ವರ್ಷವಾಗಿತ್ತು, ಹಾಗಾಗಿ ತವರು ಎಂದರೆ ನಾನೇ. ಗಂಡು ಮಗು ಹುಟ್ಟಿತು. ನೋಡಲು ಬಲಸಮುದ್ರದಿಂದ ಅವಳ ಅತ್ತೆ ಬಂದರು. ಅವರದು ಅಲ್ಲೊಂದು ಇಲ್ಲೊಂದು ತೆಲುಗು ಬೆರೆತ ಮಾತು. ಬೆಲ್ಲದ ಕಾಫಿ ಕುಡಿದು, ಲೋಟ ಕೆಳಗಿಡುತ್ತಾ ಒಂದು ಮಾತು ಹೇಳಿದರು.

"ತೊಟ್ಟಿಲು ತವರಿಂದ ಬರಬೇಕು ಕಣಮ್ಮಾ, ಅದು ಪದ್ಧತಿ. ಪಾಪ, ತಾಯಿಲ್ಲದ ಹುಡುಗಿಗೆ ಯಾರು ಕೊಡ್ತಾರೆ ಬುಡು. ನಾವೇ ಒಂದು ಸೀರೆ ಜೋಲಿ ಕಟ್ಕೋತೀವಿ."

ಗಂಗಿ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡಳು. ನನಗೆ ಉರಿಯಿತು. ಆ ಮಾತು ಅವಳ ಬೆನ್ನಿಗೆ ಅಂಟಿಕೊಂಡು ಬಲಸಮುದ್ರಕ್ಕೆ ಹೋದರೆ ಸಾಯುವ ತನಕ ಬಿಡುವುದಿಲ್ಲ ಎಂದು ಗೊತ್ತಿತ್ತು.

"ತಿಂಗಳಿಗೆ ಹೆಸರಿಡೋಕೆ ಬನ್ನಿ ಬೀಗಿತ್ತಿ. ತೊಟ್ಟಿಲು ತೂಗಾಡ್ತಿರ್ತದೆ," ಎಂದೆ.

ನಮ್ಮ ಯಜಮಾನರು ನೊಗ, ನೇಗಿಲು ಕೆತ್ತಿದ್ದವರು. ಹಿತ್ತಲಲ್ಲಿ ಕೊಯ್ಸಿಟ್ಟಿದ್ದ ಬೇವಿನ ಹಲಗೆ ಇತ್ತು. ಹತ್ತು ದಿನ ಕುಟ್ಟಿ, ತೊಟ್ಟಿಲು ಎಂದು ಕರೆಯಬಹುದಾದ ಒಂದು ವಸ್ತುವನ್ನು ನಿಲ್ಲಿಸಿದರು. ಒಂದು ಕಡೆ ಎರಡು ಬೆರಳು ಎತ್ತರವಾಗಿತ್ತು. "ತಲೆ ಕಡೆ ಎತ್ತರ ಇರ್ಲಿ ಅಂತ ಬೇಕಂತ್ಲೇ ಮಾಡ್ದೆ," ಎಂದರು. ನಂಬಿದೆ.

ಪಕ್ಕದ ಮನೆ ಫಾತಿಮಕ್ಕನ ಗಂಡ ಕರೀಂ ಸಾಬರು ಬಾಗಿಲು, ಬೀರುಗಳಿಗೆ ಪಾಲಿಶ್ ಹಾಕುವವರು. ಮಧುಗಿರಿಯಲ್ಲಿ ದೊಡ್ಡ ಮನೆಯೊಂದರ ಕೆಲಸ ಒಪ್ಪಿಕೊಂಡು ಹೊರಟಿದ್ದರು. ಹೊರಡುವ ಮೊದಲು ಒಂದು ಡಬ್ಬಿ ವಾರ್ನಿಶ್ ಕೊಟ್ಟು, "ತೆಳ್ಳಗೆ ಒಂದೇ ಕೈ ಬಳೀರಿ ಕೆಂಪಮ್ಮ. ಪೂರಾ ಒಣಗೋಕೆ ಬುಡಿ. ಆಮೇಲೆ ಇನ್ನೊಂದು ಕೈ. ಇಲ್ಲಾಂದ್ರೆ ಇರಿ, ಬಂದು ನಾನೇ ಮಾಡ್ಕೊಡ್ತೀನಿ," ಎಂದರು.

ಆಗಲೇ ನಾನು ಆ ಮಹಾ ವಿದ್ಯೆಯ ಪ್ರಶ್ನೆ ಕೇಳಿದ್ದು.

ನೆಲ ಸಾರಿಸುವಾಗ ಕೈತುಂಬ ತೆಗೆದುಕೊಳ್ಳಬೇಕು, ಹಸಿ ಇರುವಾಗಲೇ ಅದರ ಮೇಲೆ ಇನ್ನೊಂದು ಸಲ ಎಳೆಯಬೇಕು. ಆಗಲೇ ನುಣುಪು ಬರುವುದು. ನಾನು ತೊಟ್ಟಿಲಿಗೂ ಅದೇ ಮರ್ಯಾದೆ ಮಾಡಿದೆ. ಚಿಂದಿ ಬಟ್ಟೆ ಅದ್ದಿ, ಹಸಿ ಮೇಲೆ ಹಸಿ, ಒಂದೇ ಮಧ್ಯಾಹ್ನಕ್ಕೆ ಡಬ್ಬಿ ಖಾಲಿ! ಏನು ಹೊಳಪು ಅಂತೀರಿ! ನನ್ನ ಮುಖ ನನಗೇ ಕಂಡಿತು. ಮೂರು ದಿನವಾದ ಮೇಲೆ ಮುಟ್ಟಿ ನೋಡಿದೆ. ಬೆರಳು ಅಂಟಿಕೊಂಡಿತು.

ವಾಸನೆಯನ್ನು ಹೇಗೆ ಹೇಳಲಿ! ಸೀಮೆಎಣ್ಣೆಯಲ್ಲಿ ಎಮ್ಮೆಕೊಂಬು ಸುಟ್ಟ ಹಾಗೆ. ಗಂಗಿ ಕಣ್ಣಲ್ಲಿ ನೀರು, ಕೂಸಿಗೆ ಸೀನು. ಯಜಮಾನರು ಜಗಲಿಗೆ ಹಾಸಿಗೆ ಹಾಕಿಕೊಂಡರು.

"ಲೇ ಕೆಂಪಿ, ಒಂದು ಉಪಕಾರ ಆಯ್ತು ನೋಡು. ಮನೇಲಿದ್ದ ತಿಗಣೆಯೆಲ್ಲ ಊರು ಬುಟ್ಟೋದ್ವು," ಎಂದರು.

ಹೆಸರಿಡಲು ಹನ್ನೆರಡು ದಿನ ಉಳಿದಿತ್ತು. ವಾಸನೆಗೆ ವಾಸನೆಯೇ ಮದ್ದು ಎಂದು ತೀರ್ಮಾನಿಸಿ, ತೊಟ್ಟಿಲ ಕೆಳಗೆ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದೆ. ಹೊಗೆಯೂ ಹೋಗಿ ಅದಕ್ಕೇ ಅಂಟಿಕೊಂಡಿತು. ಈಗ ದೇವರ ಕೋಣೆಯಲ್ಲಿ ಲಾರಿ ರಿಪೇರಿ ಮಾಡಿದ ಹಾಗೆ ನಾತ!

ನೆಲದ ಮೇಲೆ ಎಣ್ಣೆ ಚೆಲ್ಲಿದರೆ ತೌಡು ಹಾಕಿ ಹೀರಿಸುತ್ತೇವಲ್ಲವೇ? ಎರಡು ಮೊರ ತೌಡು ತಂದು ಸುರಿದೆ. ಮಾರನೆಯ ದಿನ ಕೊಡವಿದರೆ ತೌಡು ಬೀಳಲಿಲ್ಲ. ಒಳಗೂ ಹೊರಗೂ ಕಚ್ಚಿಕೊಂಡು ಕೂತಿತ್ತು. ತೌಡು ಕಂಡು ನಮ್ಮ ಕೋಳಿ ತೊಟ್ಟಿಲಿಗೆ ಹಾರಿತು. ಹಾರಿದ್ದು ಇಳಿಯಲಿಲ್ಲ. ನಾನು ಎಳೆದೆ, ಕೋಳಿ ಬಂತು, ಪುಕ್ಕ ಅಲ್ಲೇ ಉಳಿಯಿತು.

ಯಜಮಾನರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ನಾನು ಮಾಡಿದ್ದು ತೊಟ್ಟಿಲು. ಮೈಯೆಲ್ಲ ತುಪ್ಪಟ ಬಂದೈತೆ, ಇದೇನು ಕಣೇ, ಕುರಿಯಾ?"

"ಸುಮ್ಕಿರಿ. ತೊಳೀತೀನಿ," ಎಂದೆ.

ಕುದಿಯುವ ನೀರು, ಸೀಗೆಪುಡಿ ಹಾಕಿ ತಿಕ್ಕಿದೆ. ಹೊಳಪು ಹೋಗಿ ಬಿಳಿಚಿಕೊಂಡಿತು. ಪುಕ್ಕ ಹೋಗಲಿಲ್ಲ. ವಾಸನೆ ಹೋಗುವುದಿರಲಿ, ಬಿಸಿನೀರು ಬಿದ್ದು ಇನ್ನೂ ಎದ್ದು ಕೂತಿತು!

ಕೋಳಿಯ ಕೂಗಿಗೋ ನನ್ನ ಬೈಗುಳಕ್ಕೋ, ಫಾತಿಮಕ್ಕ ಗೋಡೆಯಾಚೆಯಿಂದ ಬಂದಳು. ತೊಟ್ಟಿಲು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಅಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಯಾ ಅಲ್ಲಾ! ಏನ್ ಮಾಡ್ಬುಟ್ಟೆ ಕೆಂಪಮ್ಮ? ಎಷ್ಟು ಕೈ ಬಳಿದೆ?"

"ಲೆಕ್ಕ ಇಟ್ಟಿಲ್ಲ. ಡಬ್ಬಿ ಇರೋಗಂಟ ಬಳಿದೆ."

"ಮೇಲೆ ಒಣಗಿ ಕೆನೆ ಕಟ್ಟೈತೆ, ಒಳಗೆಲ್ಲ ಹಸಿ. ಉಸಿರು ಕಟ್ಟಿ ನಾರ್ತಾ ಐತೆ. ಅದ್ರ ಮೇಲೆ ಏನು ಹಾಕಿದ್ರೂ ಹೋಗಾಕಿಲ್ಲ. ಪೂರಾ ಕೆರೀಬೇಕು."

ಗಾಜಿನ ಚೂರು, ಉಪ್ಪುಕಾಗದ ತಂದಳು. ಗಂಡನ ಜೊತೆ ಕೂತು ಇಪ್ಪತ್ತು ವರ್ಷ ಈ ಕೆಲಸ ಮಾಡಿದ ಕೈ ಅವಳದು. ರಂಜಾನ್ ಉಪವಾಸದ ದಿನಗಳು. ಹಗಲೆಲ್ಲ ಬಾಯಿಗೆ ಒಂದು ಹನಿ ನೀರಿಲ್ಲದೆ, ಮೂರು ದಿನ, ನಾನು ಬಳಿದದ್ದನ್ನೆಲ್ಲ ಅವಳು ಕೆರೆದಳು. ನಾನೂ ಕೆರೆದೆ, ಆದರೆ ನಾನು ಒಂದು ಗೇಣು ಮುಗಿಸುವಷ್ಟರಲ್ಲಿ ಅವಳು ಒಂದು ಮಗ್ಗುಲು ಮುಗಿಸುತ್ತಿದ್ದಳು. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ವಾಸನೆ ಹೀರಲಿ ಎಂದು ಇದ್ದಿಲು ತುಂಬಿದ ಕುಕ್ಕೆ ಒಳಗಿಟ್ಟು, ಜಗಲಿಯ ನೆರಳಲ್ಲಿ ಗಾಳಿಗೆ ನೇತು ಹಾಕಿದೆವು.

ವಾಸನೆ ಇಳಿಯಿತು. ಪೂರಾ ಹೋಗಲಿಲ್ಲ. ಹೆಸರಿಡುವ ಹಿಂದಿನ ದಿನ ಫಾತಿಮಕ್ಕ ಹಲಗೆಗೆ ಮೂಗಿಟ್ಟು ನೋಡಿ ತಲೆ ಆಡಿಸಿದಳು.

"ನಮ್ಮ ಮೂಗಿಗೆ ಪರ್ವಾಗಿಲ್ಲ. ಆ ಎಳೆ ಮೂಗಿಗೆ ಆಗಾಕಿಲ್ಲ ಕಣಮ್ಮ. ಇದಕ್ಕೆ ಇನ್ನೂ ಗಾಳಿ ಬೇಕು, ದಿನ ಬೇಕು. ಬ್ಯಾರೆ ಮದ್ದಿಲ್ಲ."

ನಾನು ಹೊಸಿಲ ಮೇಲೆ ಕೂತೆ. ನಾಳೆ ಬೀಗಿತ್ತಿ ಬರುತ್ತಾರೆ. ಗಂಗಿಯ ಮಗ ಸೀರೆ ಜೋಲಿಯಲ್ಲಿರುತ್ತಾನೆ. ಫಾತಿಮಕ್ಕ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ತಲೆ ಮೇಲೆ ಹೊತ್ತುಕೊಂಡು ಬಂದಳು, ತನ್ನ ಮಕ್ಕಳ ಹಳೆಯ ತೊಟ್ಟಿಲು. ಕಪ್ಪಗೆ, ನುಣ್ಣಗೆ, ಅಂಚಿನ ತುಂಬ ಹಾಲುಹಲ್ಲು ಕಚ್ಚಿದ ಗುರುತು.

ಬೆಳಿಗ್ಗೆ ಬೀಗಿತ್ತಿ ಬಳಗ ಕಟ್ಟಿಕೊಂಡು ಬಂದರು. ಬಂದವರೇ ಜಗಲಿಯಲ್ಲಿದ್ದ ನನ್ನ ತೊಟ್ಟಿಲು ಮೂಸಿ, "ಅಯ್ಯೋ ದೇವುಡಾ!" ಎಂದರು. ಒಳಗೆ ತೂಗುತ್ತಿದ್ದುದನ್ನು ನೋಡಿ, "ಇದ್ಯಾರ್ದಮ್ಮಾ?" ಎಂದರು.

ನಮ್ಮವ್ವಂದು ಎಂದು ಹೇಳಲು ಸುಳ್ಳು ತಯಾರು ಮಾಡಿಟ್ಟಿದ್ದೆ. ಬಾಗಿಲಲ್ಲಿ ಫಾತಿಮಕ್ಕ ನಿಂತಿದ್ದಳು. ಅವಳ ಉಗುರುಗಳಲ್ಲಿ ಇನ್ನೂ ನನ್ನ ವಾರ್ನಿಶ್ ಇತ್ತು. ಕೋಳಿ, ತೌಡು, ಸೀಗೆಪುಡಿ ಎಲ್ಲ ಒಂದೂ ಬಿಡದೆ ಹೇಳಿಬಿಟ್ಟೆ. "ಇದು ಫಾತಿಮಕ್ಕಂದು. ಅವಳ ಆರು ಮಕ್ಕಳು ಇದ್ರಲ್ಲೇ ಮಲಗಿದ್ವು," ಎಂದೆ.

ಬೀಗಿತ್ತಿ ಆ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿದರು.

"ಆರೂ ಉಳಿದಾವಾ?"

"ಆರೂ ಅವ್ರೆ ಅಮ್ಮಾ. ದೊಡ್ಡೋನು ಬಟ್ಟೆ ಹೊಲೀತಾನೆ," ಎಂದಳು ಫಾತಿಮಕ್ಕ.

"ನಾನು ಏಳು ಹೆತ್ತೆ ತಲ್ಲೀ. ಉಳಿದಿದ್ದು ಎರಡು." ಬೀಗಿತ್ತಿ ಕೂಸನ್ನು ಎತ್ತಿ ಫಾತಿಮಕ್ಕನ ಕೈಗೆ ಕೊಟ್ಟರು. "ಇದ್ರಲ್ಲೇ ಮಲಗಲಿ. ನೀನೇ ಮಲಗಿಸು."

ಆಮೇಲೆ ಗಂಗಿ ಕಡೆ ತಿರುಗಿ, "ತಾಯಿಲ್ಲದ ಹುಡುಗಿ ಅಂದ್ನಲ್ಲ, ನನ್ನ ಬಾಯಿಗೆ ಬೂದಿ ಬೀಳ! ನಿಂಗೆ ಇಲ್ಲಿ ಇಬ್ಬರು ಅವ್ರೆ. ಬಳಿಯೋಕೊಬ್ಬಳು, ಕೆರೆಯೋಕೊಬ್ಬಳು!" ಎಂದರು. ಗಂಗಿ ಒಂದು ತಿಂಗಳಲ್ಲಿ ಮೊದಲ ಸಲ ನಕ್ಕಳು.

ನಮ್ಮ ಕಡೆ ಉಪಕಾರವಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಫಾತಿಮಕ್ಕನಿಗೆ ನಾನೂ ಹೇಳಲಿಲ್ಲ. ಅವಳಿಲ್ಲದಿದ್ದರೆ ನನ್ನ ತಂಗಿ ತಲೆ ತಗ್ಗಿಸಿಕೊಂಡು ಗಂಡನ ಮನೆಗೆ ಹೋಗುತ್ತಿದ್ದಳು. ಅಷ್ಟು ಬರೆದಿದ್ದೇನೆ, ಸಾಕು.

ಇನ್ನು ನನ್ನ ತೊಟ್ಟಿಲು. ಹೆಸರಿಡುವಾಗ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತೇವೆ. "ಅದನ್ನ ನಿನ್ನ ತೊಟ್ಟಿಲಲ್ಲೇ ಮಲಗಿಸಮ್ಮಾ, ನಿಂಗೂ ಬೇಜಾರಾಗ್ಬಾರ್ದು," ಎಂದರು ಬೀಗಿತ್ತಿ. ಮಲಗಿಸಿದೆ. ಹೆಂಗಸರೆಲ್ಲ ಮೂಗು ಮುಚ್ಚಿಕೊಂಡೇ ಜೋಗುಳ ಹಾಡಿದರು. ಕಲ್ಲು ಮಾತ್ರ ಸೀನಲಿಲ್ಲ, ಅಳಲಿಲ್ಲ, ಹಾಯಾಗಿ ಮಲಗಿತು.

ಪುಣ್ಯ, ಅದಕ್ಕೆ ಮೂಗಿರಲಿಲ್ಲ.