ಮಂಜುವಿನ ಬೈಕಿಗೆ ಸ್ಟ್ಯಾಂಡು ಬಂದದ್ದು

ಗುರುತು ಪರಿಚಯವಿಲ್ಲದವರ ಮೇಲೆ ಮನುಷ್ಯನಿಗೆ ಎಷ್ಟು ಕಾಳಜಿಯಿದೆ ಎಂದು ತಿಳಿಯಬೇಕಾದರೆ ನಮ್ಮ ಕಡೆ ಬೈಕಿನ ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟು ನೋಡಬೇಕು. ಶಿಡ್ಲಘಟ್ಟದ ಬಸ್ ನಿಲ್ದಾಣ ದಾಟುವಷ್ಟರಲ್ಲಿ ಹತ್ತು ಜನ ಕೂಗಿರುತ್ತಾರೆ. ಆಟೋದವನು ತಲೆ ಹೊರಗೆ ಹಾಕಿ "ಸ್ಟ್ಯಾಂಡು, ಸ್ಟ್ಯಾಂಡು" ಎನ್ನುತ್ತಾನೆ. ರೇಷ್ಮೆಗೂಡಿನ ಮೂಟೆ ಹೊತ್ತವನು ಕೈ ಖಾಲಿಯಿಲ್ಲದೆ ಕಾಲಿನಲ್ಲೇ ಸನ್ನೆ ಮಾಡುತ್ತಾನೆ. ಎದುರಿಗೆ ಬರುವವನು ತನ್ನ ಸ್ಟ್ಯಾಂಡು ನೇತಾಡುತ್ತಿದ್ದರೂ ನಿಮ್ಮದನ್ನು ಎತ್ತಿಸಿಯೇ ಮುಂದಕ್ಕೆ ಹೋಗುತ್ತಾನೆ. ನಾಲ್ಕು ವರ್ಷದಿಂದ ಮಾತು ಬಿಟ್ಟ ಪಕ್ಕದ ಮನೆಯವರೂ ಈ ಒಂದು ಮಾತನ್ನು ಆಡುತ್ತಾರೆ, ಆಡಿ ಮತ್ತೆ ಮುಖ ತಿರುಗಿಸಿಕೊಳ್ಳುತ್ತಾರೆ. ಈ ಕೂಗುವವರ ಪೈಕಿ ನಾನು ಸ್ವಲ್ಪ ಹೆಚ್ಚಿನವನು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನಾದ್ದರಿಂದ, ಕೆಳಗಿಳಿದ ಸ್ಟ್ಯಾಂಡು ಎಡತಿರುವಿನಲ್ಲಿ ನೆಲಕ್ಕೆ ತಾಗಿದರೆ ಏನಾಗುತ್ತದೆ ಎಂದು ನನಗೆ ಚಿತ್ರ ಸಮೇತ ಗೊತ್ತು. ಒಮ್ಮೆ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಒಬ್ಬನನ್ನು ಎರಡು ಕಿಲೋಮೀಟರ್ ಬೆನ್ನಟ್ಟಿದ್ದೆ. ಹೊಡೆಯಲು ಬರುತ್ತಿದ್ದೇನೆಂದು ತಿಳಿದು ಅವನು ಇನ್ನೂ ಜೋರಾಗಿ ಓಡಿಸಿದ. ಹಿಂದೆ ಕೂತಿದ್ದ ನನ್ನ ಹೆಂಡತಿ ಸುಮಾ, "ನಿಮ್ಮ ಜೊತೆ ಬರೋದೂ ಒಂದೇ, ಪೊಲೀಸ್ ಜೀಪಲ್ಲಿ ಹೋಗೋದೂ ಒಂದೇ" ಎಂದಳು. ಇದನ್ನೆಲ್ಲ ಹೆಮ್ಮೆಗೆ ಹೇಳುತ್ತಿಲ್ಲ. ಊರಿಗೆಲ್ಲ ಕೂಗಿದ ನಾನು ಒಬ್ಬನಿಗೆ ಮಾತ್ರ, ಒಂದೇ ಒಂದು ಸಲ, ಕೂಗಲಿಲ್ಲ. ಅವನು ಸುಮಾಳ ತಮ್ಮ ಮಂಜು.

ಮಂಜು ದ್ರಾಕ್ಷಿ ತೋಟಗಳಿಗೆ, ಹಿಪ್ಪುನೇರಳೆ ಹೊಲಗಳಿಗೆ ಹನಿ ನೀರಾವರಿ ಪೈಪು ಹಾಕುವವನು. ಬದುವಿನ ಮೇಲೆ ಓಡಾಡಲು ಅನುಕೂಲವೆಂದು ಅವನು ಚಿಕ್ಕಬಳ್ಳಾಪುರದ ಹುಡುಗರಿಂದ ಒಂದು ಹಳೆಯ ಟೂ ಸ್ಟ್ರೋಕ್ ಬೈಕು ತಂದಿದ್ದ. ಹುಟ್ಟುವಾಗ ಅದು ರಸ್ತೆಯ ಗಾಡಿಯೇ. ಸ್ಕಂದಗಿರಿಯ ತಪ್ಪಲಿನ ಮಣ್ಣುದಿಬ್ಬಗಳ ಮೇಲೆ ಹಾರಿಸುವುದಕ್ಕಾಗಿ ಆ ಹುಡುಗರು ದೀಪ, ಹಾರ್ನು, ಕನ್ನಡಿ, ಸ್ಟ್ಯಾಂಡು ಎಲ್ಲ ಕಿತ್ತು, ಹುಳು ಮೇಯ್ದ ಹಿಪ್ಪುನೇರಳೆ ಕಡ್ಡಿಯ ಹಾಗೆ ಮಾಡಿಟ್ಟಿದ್ದರು. ಎರಡು ವರ್ಷ ಹೊಲದಿಂದ ಹೊಲಕ್ಕೇ ಓಡಿಸಿದ ಮಂಜು, ಈಗ ಅದನ್ನು ಮತ್ತೆ ರಸ್ತೆಗೆ ತರುತ್ತೇನೆ ಎಂದ. ರಸ್ತೆಗೆ ಬರಬೇಕಾದರೆ ಆರ್‌ಟಿಒ ಇನ್ಸ್‌ಪೆಕ್ಟರು ಒಪ್ಪಬೇಕು. ಇನ್ಸ್‌ಪೆಕ್ಟರು ಒಪ್ಪಬೇಕಾದರೆ ಕಿತ್ತಿದ್ದರಲ್ಲಿ ಕಾನೂನು ಕೇಳುವುದೆಲ್ಲ ಮತ್ತೆ ಬರಬೇಕು. ಆ ಗಾಡಿಯ ಬಿಡಿಭಾಗ ಈಗ ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿ ನಾವು ಅಮ್ಜದ್ ಭಾಯಿಯ ಬಳಿ ಹೋದೆವು. ಅವರು ನೂಲು ತೆಗೆಯುವ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವವರು. ನೂಲಿನ ಯಂತ್ರದ ಸರಳಿನಿಂದ ಕನ್ನಡಿಯ ಕಡ್ಡಿ ಬಂತು, ಹಳೆಯ ಬಾಣಲೆಯ ತಳ ಹೆಡ್‌ಲೈಟಿನ ಬಟ್ಟಲಾಯಿತು, ತಗಡು ಸುತ್ತಿ ಬೆಸೆದ ಹೊಟ್ಟೆ ದಪ್ಪದ ಸೈಲೆನ್ಸರು ಬಂತು. ಅದಕ್ಕೆ ಸೈಲೆನ್ಸರ್ ಎಂದು ಯಾರು ಹೆಸರಿಟ್ಟರೋ, ಅದು ಹೊರಟರೆ ನಮ್ಮ ಬೀದಿಯಲ್ಲಿ ಕುಕ್ಕರಿನ ಸೀಟಿ ಕೇಳಿಸುತ್ತಿರಲಿಲ್ಲ. ಕೊನೆಗೆ ಅಮ್ಜದ್ ಭಾಯಿ ಹಿಂದಿನ ಚಕ್ರಕ್ಕೆ ಸೀರೆ ಗಾರ್ಡು ಕೂರಿಸತೊಡಗಿದಾಗ ಮಂಜು ಗೊಣಗಿದ.

"ನನ್ನ ಹಿಂದೆ ಸೀರೆ ಉಟ್ಕೊಂಡು ಯಾರು ಕೂರ್ತಾರೆ ಭಾಯಿ, ಸೀಟೇ ಇಲ್ವಲ್ಲ."

"ನಿನಗೆ ಕಾಣ್ಸಲ್ಲ ಕಣಪ್ಪ, ಕಾನೂನಿಗೆ ಕಾಣ್ಸುತ್ತೆ," ಎಂದರು ಭಾಯಿ.

ಸ್ಟ್ಯಾಂಡನ್ನು ಕೇಳಿದ್ದು ಕಾನೂನಲ್ಲ, ನನ್ನ ಕಾಂಪೌಂಡು ಗೋಡೆ. ಸ್ಟ್ಯಾಂಡಿಲ್ಲದ ಆ ಗಾಡಿಯನ್ನು ಮಂಜು ಹೊಲದ ದಾರಿ ಹಿಡಿದು ಮನೆಗೆ ಬಂದಾಗಲೆಲ್ಲ ನಮ್ಮ ಗೋಡೆಗೆ ಒರಗಿಸುತ್ತಿದ್ದ. ನಾನೇ ನಿಂತು ಹೊಡೆಸಿದ ತಿಳಿಹಸಿರು ಬಣ್ಣದ ಮೇಲೆ ಹ್ಯಾಂಡಲ್ಲು ಉದ್ದಕ್ಕೆ ಗೀರು ಎಳೆಯುತ್ತಿತ್ತು. ಒಂದು ದಾಸವಾಳದ ಗಿಡ ಬುಡಸಮೇತ ಹೋಯಿತು. ಎಲ್ಲಾ ಹಾಕಿಸುತ್ತಿದ್ದಾನಲ್ಲ, ಇದೂ ಇರಲಿ ಎಂದು ನಾನು ಗ್ರಾಫ್ ಹಾಳೆಯ ಮೇಲೆ ಸ್ಟ್ಯಾಂಡಿನ ನಕ್ಷೆ ಬರೆದು, ಗಾಡಿ ಎಷ್ಟು ವಾಲಬೇಕು, ಭಾರ ಎಲ್ಲಿ ಬೀಳಬೇಕು ಎಂದೆಲ್ಲ ಗುರುತು ಹಾಕಿ ಅಮ್ಜದ್ ಭಾಯಿಗೆ ಕೊಟ್ಟೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಲೆಕ್ಕ ಸರಿಯಾಗಿದೆ ಸಾರ್. ಆದ್ರೆ ಇವನಿಗೆ ಸ್ಟ್ಯಾಂಡ್ ಅಭ್ಯಾಸ ಇಲ್ಲ. ಎರಡು ವರ್ಷ ಗೋಡೆಗೆ ಒರಗಿಸ್ದ, ಗೋಡೆಯಿಂದ ತೆಗ್ದ, ಓಡಿಸ್ದ. ಎತ್ತೋದು ಮರೀತಾನೆ."

"ಮರೆತರೆ ನೆನಪಿಸೋಕೆ ನಾನಿಲ್ವಾ ಭಾಯಿ," ಎಂದೆ ನಾನು.

ಇನ್ಸ್‌ಪೆಕ್ಟರು ಗಾಡಿಯನ್ನು ಮೂರು ಸುತ್ತು ಸುತ್ತಿ, ಸೀರೆ ಗಾರ್ಡನ್ನು ಎರಡು ಸಲ ಅಲ್ಲಾಡಿಸಿ ನೋಡಿ ಒಪ್ಪಿದರು. ಮುಂದಿನ ಭಾನುವಾರ ಬೆಳಿಗ್ಗೆ ಚಿಂತಾಮಣಿಯವರೆಗೆ ಹೋಗಿಬರೋಣ ಎಂದು ಹೊರಟೆವು. ಮಂಜು ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ. ದಾರಿಯುದ್ದಕ್ಕೂ ಇಂಡಿಕೇಟರ್ ಆರಿಸು, ಎಡಕ್ಕೆ ಬಾ, ಕನ್ನಡಿ ನೋಡು ಎಂದು ಹಾರ್ನು ಹೊಡೆದೂ ಕೈ ಬೀಸಿಯೂ ಹೇಳುತ್ತ ಹೋದೆ. ಹೊರಡುವಾಗ ಒಂದು ಸಲ, ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಸಲ ಸ್ಟ್ಯಾಂಡು ಎತ್ತಿಸಿದ್ದೆ. ಎಚ್ ಕ್ರಾಸ್ ದಾಟಿದ ಮೇಲೆ ರಸ್ತೆ ಪಕ್ಕದ ಒಂದು ಟೀ ಅಂಗಡಿಯಲ್ಲಿ ನಿಂತೆವು. ಬೈಕು ನೋಡಲು ನಾಲ್ಕು ಜನ ಸೇರಿದರು. ಇದನ್ನು ಹೇಗೆ ಮಾಡಿಸಿದ್ರಿ ಎಂದು ಯಾರೋ ಕೇಳಿದರು. ಮಂಜು ಬೈಕಿನ ಬದಲು ನನ್ನನ್ನು ತೋರಿಸಿದ.

"ಇವರು ನಮ್ಮ ಭಾವ. ಯಾರ ಸ್ಟ್ಯಾಂಡು ಎಲ್ಲಿ ನೇತಾಡ್ತಿದೆ ಅಂತ ಇಡೀ ತಾಲೂಕಿನ ಲಿಸ್ಟ್ ಇವರ ಹತ್ರ ಇದೆ. ಮದ್ವೆ ದಿನ ಧಾರೆ ಎರೀತಿದ್ರೆ, ಬೀದೀಲಿ ಹೋಗೋನಿಗೆ ಸ್ಟ್ಯಾಂಡು ಅಂತ ಕೂಗಿದ್ರು. ನಮ್ಮಕ್ಕ ಕೈ ಹಿಡ್ಕೊಂಡಿದ್ದು ಶಾಸ್ತ್ರಕ್ಕಲ್ಲ, ಎದ್ದು ಓಡೋಗ್ತಾರೆ ಅಂತ."

ನಾಲ್ಕು ಜನವೂ ನಕ್ಕರು. ಟೀ ಸೋಸುತ್ತಿದ್ದವನು ಸೋಸುವುದನ್ನು ನಿಲ್ಲಿಸಿ ನಕ್ಕ. ಆ ಕತೆ ಅರ್ಧ ನಿಜ, ಅದೇ ತೊಂದರೆ. "ಇವತ್ತೊಂದಿನ ಬಾಯಿಗೆ ರಜ ಕೊಡಿ ಭಾವ," ಎಂದ ಮಂಜು, ಪ್ರೀತಿಯಿಂದಲೇ. "ಆಯ್ತಪ್ಪ" ಎಂದು ನಾನೂ ನಕ್ಕೆ. ಒಳಗೆ ಚುರುಕ್ ಎಂದಿತ್ತು.

ಅವನು ಟೀ ಮುಗಿಸಿ ಹೆಲ್ಮೆಟ್ ಹಾಕಿಕೊಂಡ, ಸ್ಟ್ಯಾಂಡಿನ ಮೇಲೆ ನಿಂತಿದ್ದ ಹಾಗೆಯೇ ಗಾಡಿಯನ್ನು ಒದ್ದು ಶುರು ಮಾಡಿದ, ನೆಟ್ಟಗೆ ಮಾಡಿ ಹೊರಟ. ಸ್ಟ್ಯಾಂಡು ಕೆಳಗೇ ಇತ್ತು. ಆ ನಾಲ್ಕು ಜನ ಸೈಲೆನ್ಸರಿನ ಬದಿಗೆ ನಿಂತಿದ್ದರು, ಅವರಿಗೆ ಕಾಣಲಿಲ್ಲ. ನಾನು ನೋಡಿದೆ. ನನ್ನ ನಕ್ಷೆಯ ಪ್ರಕಾರವೇ ಅದು ಮುಂದಕ್ಕೆ ಚಾಚಿಕೊಂಡಿತ್ತು, ತುದಿಯ ಹೊಸ ಬೆಸುಗೆ ಬಿಸಿಲಿಗೆ ಹೊಳೆಯಿತು. ಗ್ಲಾಸಿನಲ್ಲಿ ಎರಡು ಗುಟುಕು ಟೀ ಉಳಿದಿತ್ತು. ಬಾಯಿಗೆ ರಜ ಅಲ್ಲವೇ, ಅವನೇ ನೋಡಿಕೊಳ್ಳಲಿ, ಸ್ವಲ್ಪ ಕೆರೆದರೆ ಅವನಿಗೇ ತಿಳಿಯುತ್ತದೆ, ಎಂದುಕೊಂಡು ಒಂದು ಗುಟುಕು ಕುಡಿದೆ. ಎಡತಿರುವು ಇನ್ನೂರು ಅಡಿ ದೂರದಲ್ಲಿತ್ತು. ಶಬ್ದ ಒಂದು ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರ್ ಹೋಗುತ್ತದೆ ಎಂದು ವರ್ಷಕ್ಕೆ ಮೂರು ಸೆಕ್ಷನ್ನುಗಳಿಗೆ ಹೇಳುತ್ತೇನೆ. ಬಾಯಿಂದ ಹೊರಟರೆ ಹೋಗುತ್ತದೆ. ಎರಡನೆಯ ಗುಟುಕಿಗೆ ಬೈಕು ಎಡಕ್ಕೆ ವಾಲಿತು, ಸ್ಟ್ಯಾಂಡು ಡಾಂಬರಿಗೆ ಕಚ್ಚಿಕೊಂಡಿತು, ಹಿಂದಿನ ಚಕ್ರ ಮೇಲೆದ್ದಿತು. ಮಂಜು ರಸ್ತೆಯ ಆ ಬದಿಗೆ ಉರುಳಿಕೊಂಡು ಹೋದ. ಎದುರಿಗೆ ಟೊಮೆಟೊ ಲಾರಿ ಬರುತ್ತಿತ್ತು. ಅದರ ಚಕ್ರ ಅವನ ತಲೆಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅದು ಹೇಗೆ ನಿಂತಿತೋ ನನಗೆ ಈಗಲೂ ಗೊತ್ತಿಲ್ಲ. ಬೋರ್ಡಿನ ಮೇಲೆ ವೇಗ, ದೂರ ಎಂದು ಬರೆಯುವಾಗಲೆಲ್ಲ ಆ ಚಕ್ರ ಇನ್ನೂ ಬರುತ್ತಲೇ ಇರುತ್ತದೆ. ಸೀಮೆಸುಣ್ಣ ಹಿಡಿದು ನಿಂತುಬಿಡುತ್ತೇನೆ. ಸಾರ್ ಯೋಚಿಸುತ್ತಿದ್ದಾರೆ ಎಂದು ಮಕ್ಕಳು ಗೌರವದಿಂದ ಕಾಯುತ್ತಾರೆ.

ಲಾರಿಯ ಡ್ರೈವರು ಆಂಧ್ರದವನು. ಕೆಳಗಿಳಿದು, ಬಿದ್ದ ಬೈಕನ್ನೂ ಅದರ ಬಾಗಿದ ಸ್ಟ್ಯಾಂಡನ್ನೂ ನೋಡಿ, ಸುತ್ತ ಸೇರಿದವರನ್ನೆಲ್ಲ ಕೇಳಿದ: "ಸ್ಟ್ಯಾಂಡು ದಿಗುಂದನಿ ಒಕ್ಕರೂ ಚೆಪ್ಪಲೇದಾ?" ಸ್ಟ್ಯಾಂಡು ಇಳಿದಿದೆ ಎಂದು ಒಬ್ಬರೂ ಹೇಳಲಿಲ್ಲವಾ ಎಂದು. ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಅಂದು ಬರಲಿಲ್ಲ.

ಎಡಗಾಲು ಎರಡು ಕಡೆ ಮುರಿದಿತ್ತು, ಕೊರಳೆಲುಬು ಒಂದು ಕಡೆ. ಆಸ್ಪತ್ರೆಯ ಮಂಚದ ಪಕ್ಕ ಕೂತು, ಹೇಳಿಬಿಡಬೇಕು ಎಂದು ನಾನು ಮೂರು ದಿನ ವಾಕ್ಯ ಜೋಡಿಸಿದೆ. ಜೋಡಿಸಿ ಮುಗಿಯುವಷ್ಟರಲ್ಲಿ ಮಂಜುವೇ ಶುರು ಮಾಡಿದ.

"ನೀವು ಕೂಗೇ ಇರ್ತೀರ ಭಾವ. ಆ ದರಿದ್ರ ಸೈಲೆನ್ಸರ್ ಸದ್ದಿಗೆ ನಂಗೆ ಕೇಳಿಸ್ಲಿಲ್ಲ."

ಸುಮಾ ಕಿತ್ತಳೆ ಸುಲಿಯುತ್ತಿದ್ದವಳು, "ಇವರಾ? ಗಂಟ್ಲು ಹರಿಯೋ ಹಾಗೆ ಕೂಗಿರ್ತಾರೆ. ಪಾಪ, ಅವತ್ತಿಂದ ಮಾತೇ ಹೊರಡ್ತಿಲ್ಲ ನೋಡು," ಎಂದು ಮೊದಲ ತೊಳೆಯನ್ನು ನನಗೆ ಕೊಟ್ಟಳು. ನಾನು "ಹೂಂ" ಎಂದೆ. ತೊಳೆಯನ್ನು ತಿಂದೂಬಿಟ್ಟೆ.

ಈ "ಹೂಂ" ನಮ್ಮ ಮನೆಯಲ್ಲೇ ಉಳಿದಿದ್ದರೆ ಹೇಗೋ ಸಹಿಸಬಹುದಿತ್ತು. ಅದು ಅಮ್ಜದ್ ಭಾಯಿಯ ಅಂಗಡಿಯವರೆಗೂ ಹೋಯಿತು. ಅವರು ಒಂದು ಸಂಜೆ ಮನೆಗೆ ಬಂದು, ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದರು. "ತಪ್ಪು ನನ್ದು ಸಾರ್. ನೀವು ಸರಿಯಾಗಿ ಕೂಗಿದ್ರಿ. ನನ್ನ ಸೈಲೆನ್ಸರ್ ಅವನಿಗೆ ಕೇಳಿಸೋಕೆ ಬಿಡ್ಲಿಲ್ಲ. ಆ ಹುಡುಗನ ಕಾಲು ನೋಡಿದ್ರೆ ನಂಗೆ ಊಟ ಸೇರಲ್ಲ." ಹೊಸ ಸೈಲೆನ್ಸರು ಮಾಡಿಕೊಡುತ್ತೇನೆ, ಒಳಗೆ ಸದ್ದು ನುಂಗುವ ಗಾಜಿನ ಹತ್ತಿ ತುಂಬುತ್ತೇನೆ, ನಿಮ್ಮ ಧ್ವನಿ ಕೇಳಿಸುವವರೆಗೆ ಬಿಡುವುದಿಲ್ಲ ಎಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. "ಟೀ ಕುಡೀರಿ ಭಾಯಿ" ಎಂದೆ.

ಕಳೆದ ವಾರ ಭಾಯಿಯ ಅಂಗಡಿ ಮುಂದಿನ ಓಣಿಯಲ್ಲಿ ಆ ಸೈಲೆನ್ಸರಿನ ಪರೀಕ್ಷೆಯಾಯಿತು. ಮಂಜು ಊರುಗೋಲನ್ನು ಗೋಡೆಗೆ ಒರಗಿಸಿ, ಮರದ ದಿಮ್ಮಿಯ ಮೇಲೆ ನಿಲ್ಲಿಸಿದ ಗಾಡಿಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕೂತ, ನನ್ನ ಕಡೆ ಬೆನ್ನು ಮಾಡಿ. ಅಮ್ಜದ್ ಭಾಯಿ ಇಂಜಿನ್ನು ಶುರು ಮಾಡಿದರು. ಹೊಸ ಸೈಲೆನ್ಸರಿನ ಸದ್ದು ನಿಜವಾಗಿಯೂ ಕಡಿಮೆಯಾಗಿತ್ತು. ಪಕ್ಕದ ಅಂಗಡಿಯ ರೇಡಿಯೋ ಕೇಳಿಸುತ್ತಿತ್ತು. ನನ್ನನ್ನು ಓಣಿಯ ಆ ತುದಿಗೆ ಕಳಿಸಿ ಭಾಯಿ ಹೇಳಿದರು: "ಅವತ್ತು ಹೆಂಗೆ ಕೂಗಿದ್ರೋ ಹಂಗೇ ಕೂಗಿ ಸಾರ್. ಜಾಸ್ತಿನೂ ಬೇಡ, ಕಮ್ಮಿನೂ ಬೇಡ. ಇಲ್ಲಾಂದ್ರೆ ಪರೀಕ್ಷೆ ಸುಳ್ಳಾಗುತ್ತೆ."

ನಾನು ಬಾಯಿ ತೆರೆದೆ. ಸ್ಟ್ಯಾಂಡು ಎನ್ನಲು ನಾಲಿಗೆ ಹಲ್ಲಿನ ಹಿಂದಕ್ಕೂ ಹೋಯಿತು. ಅಲ್ಲಿಂದ ಮುಂದಕ್ಕೆ ಏನೂ ಬರಲಿಲ್ಲ. ದೂರದಿಂದ ಭಾಯಿಗೆ ನನ್ನ ತೆರೆದ ಬಾಯಿ ಮಾತ್ರ ಕಂಡಿತು. ಅವರು ಮಂಜುವಿನ ಹೆಗಲು ತಟ್ಟಿ, ಕೇಳಿಸಿತಾ ಎಂದು ಸನ್ನೆ ಮಾಡಿದರು. ಮಂಜು ಹೆಲ್ಮೆಟ್ ಓರೆ ಮಾಡಿ, ಕಿವಿಗೊಟ್ಟು, ಅಡ್ಡಡ್ಡ ತಲೆಯಾಡಿಸಿದ.

"ಇಲ್ಲ ಭಾಯಿ. ಇನ್ನೂ ಕೇಳಿಸ್ತಿಲ್ಲ. ಸದ್ದು ಇನ್ನೊಂದ್ ಸ್ವಲ್ಪ ಕಮ್ಮಿ ಮಾಡಿ."

ಅಮ್ಜದ್ ಭಾಯಿ ಇಂಜಿನ್ನು ನಿಲ್ಲಿಸಿದರು. ಬಟ್ಟೆ ಸುತ್ತಿದ ಕೈಯಿಂದ ಬಿಸಿ ಸೈಲೆನ್ಸರನ್ನು ಬಿಚ್ಚಿ, ಕಲ್ಲಿನ ಮೇಲೆ ಕೂತು, ಅದರ ಹೊಟ್ಟೆಗೆ ಮತ್ತಷ್ಟು ಗಾಜಿನ ಹತ್ತಿ ತುರುಕತೊಡಗಿದರು. ನಾನು ಓಣಿಯ ತುದಿಯಲ್ಲೇ, ಮುಂದಿನ ಪರೀಕ್ಷೆಗೆ ಬಾಯಿ ಮುಚ್ಚಿಕೊಂಡು ಕಾಯುತ್ತ ನಿಂತೆ.